ಕಂಬ ಬಡಿದ ಕೈ

ಮಹಾತ್ಮರು ಇರುವ ಕಡೆ ಗೋಪುರವೂ ಇರಬೇಕೆಂಬ ನಿಯಮವೇನಿಲ್ಲ. ಶ್ರೀ ನಿಶ್ಚಿಂತ ತಾತನವರು ತಮ್ಮ ಕೊನೆಯ ಇಪ್ಪತ್ತು ವರ್ಷಗಳನ್ನು ಕಳೆದದ್ದು ತುಂಗಭದ್ರೆಯ ದಡದಲ್ಲಿರುವ ಕಡೆಬಂಡೆ ಎಂಬ ಊರಿನ ಹೊರಗೆ, ಹರಿಗೋಲು ನಿಲ್ಲುವ ಜಾಗದ ಪಕ್ಕದ ಹಾಳು ಮಂಟಪದಲ್ಲಿ. ಇಟ್ಟಿಗೆ ಗಾರೆಯ ಹನ್ನೆರಡು ಕಂಬಗಳ ಮಂಟಪ ಅದು. ಅದರಲ್ಲಿ ಮೂರು ಕಂಬಗಳು ಆಗಲೇ ನೆಲ ಕಂಡಿದ್ದವು. ತಾತನವರ ಆಸ್ತಿಯೆಂದರೆ ಒಂದು ಕರಿ ಕಂಬಳಿ, ಒಂದು ಮಣ್ಣಿನ ಹೂಜಿ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಭಾಗವತದ ಓಲೆಗಳು. ಹರಿಗೋಲು ನಡೆಸುವವರು ಬಿದಿರಿನ ಹರಿಗೋಲುಗಳನ್ನು ಬೋರಲು ಹಾಕಿ ಒಣಗಿಸುವುದು ಅದೇ ಅಂಗಳದಲ್ಲಿ. ಭಕ್ತರು ಆ ಹರಿಗೋಲುಗಳಿಗೆ ಒರಗಿಕೊಂಡೇ ಪುರಾಣ ಕೇಳುತ್ತಿದ್ದರು.

ತಾತನವರು ತಾಯಿತ ಕಟ್ಟುತ್ತಿರಲಿಲ್ಲ, ಭವಿಷ್ಯ ಹೇಳುತ್ತಿರಲಿಲ್ಲ, ಬಂದವರ ಕಷ್ಟ ಏನೆಂದು ವಿಚಾರಿಸುತ್ತಲೂ ಇರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಓಲೆ ಬಿಚ್ಚಿ, ಸ್ವಲ್ಪ ಏರುದನಿಯಲ್ಲಿ, ಅಂದಿನ ಕಥೆಯನ್ನು ಅಂದಿಗೆ ಹೇಳಿ ಮುಗಿಸುತ್ತಿದ್ದರು. ಕೇಳಿದವರು ಕಾಲಿಗೆ ಬಿದ್ದು ಮಾತಿಲ್ಲದೆ ಎದ್ದು ಹೋಗುತ್ತಿದ್ದರು.

ಅದೇ ಊರಿನ ಆಚೆ ಓಣಿಯಲ್ಲಿ, ಮಂಟಪದ ಕಡೆ ಒಮ್ಮೆಯೂ ಕಾಲಿಡದ ಗಾರೆ ಕೆಲಸದ ಹುಲುಗಪ್ಪ ಇದ್ದ. ಅವನ ಕೈಕೆಲಸಕ್ಕೆ ಸುತ್ತ ಹತ್ತೂರಿನಲ್ಲಿ ಹೆಸರಿತ್ತು. ಅವನ ಅನುಮಾನಕ್ಕೂ ಅಷ್ಟೇ ಹೆಸರಿತ್ತು. ಗಾರೆ ಮೆತ್ತಿದ ಗೋಡೆ ಗಟ್ಟಿಯೋ ಟೊಳ್ಳೋ ಎಂದು ತಿಳಿಯಲು ಬೆರಳಗೆಣ್ಣಿನಿಂದ ಬಡಿದು ಸದ್ದು ಕೇಳುವುದು ಆ ಕಸುಬಿನವರ ರೂಢಿ. ಹುಲುಗಪ್ಪನಿಗೆ ಅದು ಕಸುಬಿನಲ್ಲಿ ನಿಲ್ಲಲಿಲ್ಲ, ಸ್ವಭಾವಕ್ಕೇ ಅಂಟಿಕೊಂಡಿತು. ಬಾಗಿಲು ಕಂಡರೆ ಬಡಿಯುತ್ತಿದ್ದ, ಕೊಡ ಕಂಡರೆ ಬಡಿಯುತ್ತಿದ್ದ. ಮನುಷ್ಯರನ್ನು ಹಾಗೆ ಬಡಿಯಲಾಗದ್ದರಿಂದ ಅವರ ಮುಖವನ್ನೇ ದಿಟ್ಟಿಸಿ, ಇವನೊಳಗೆ ಏನೋ ಇದೆ ಎಂದು ತೀರ್ಮಾನಿಸಿಬಿಡುತ್ತಿದ್ದ. ಹಾಲಿನವಳು ನಕ್ಕರೆ ನೀರು ಬೆರೆಸಿದ್ದಾಳೆ, ನಗದಿದ್ದರೆ ಹೆಚ್ಚು ಬೆರೆಸಿದ್ದಾಳೆ.

ಹನ್ನೊಂದು ವರ್ಷಗಳ ಹಿಂದೆ ಅವನು ತನ್ನ ಒಡಹುಟ್ಟಿದ ತಮ್ಮ ಜಂಬಣ್ಣನನ್ನು ಮನೆಯಿಂದ ಹೊರಗೆ ಹಾಕಿದ್ದ. ಕಾರಣ ಊರಿಗೆಲ್ಲ ಗೊತ್ತಿತ್ತು. ಸುಟ್ಟ ಸುಣ್ಣಕ್ಕೆ ನೀರುಣಿಸಿ ತಿಂಗಳುಗಟ್ಟಲೆ ಗುಂಡಿಯಲ್ಲಿ ನೆನೆಯಲು ಬಿಡಬೇಕು. ಅವಸರಪಟ್ಟು ತೆಗೆದರೆ ಅರಳದ ಹರಳುಗಳು ಒಳಗೇ ಉಳಿದು, ಗೋಡೆಗೆ ಹತ್ತಿದ ಮೇಲೆ ತೇವ ಕುಡಿದು ಸಿಡಿಯುತ್ತವೆ. ಜಂಬಣ್ಣ ಒಂದು ಛತ್ರದ ಗೋಡೆಗೆ ಎಂಟೇ ದಿನ ನೆನೆದ ಸುಣ್ಣವನ್ನು ಹಚ್ಚಿದ್ದ. ಮೊದಲ ಮಳೆಗಾಲದಲ್ಲೇ ಗೋಡೆಯ ಮೈ ತುಂಬ ಸಿಡುಬು ಎದ್ದಂತಾಗಿ, ಗಾರೆ ಹಕ್ಕಳೆಹಕ್ಕಳೆಯಾಗಿ ಉದುರಿತು. ಹುಲುಗಪ್ಪ ಊರ ಹಿರಿಯರೆದುರಿಗೇ ತಮ್ಮನ ಕೈಯಿಂದ ಗಾರೆ ಮೆತ್ತುವ ಕರಣೆ ಕಿತ್ತುಕೊಂಡು ಎಸೆದ. "ಸತ್ತರೂ ನನ್ನ ಹೊಸ್ತಿಲು ತುಳೀಬ್ಯಾಡ" ಎಂದ. ಜಂಬಣ್ಣ ಒಂದು ಮಾತೂ ಆಡದೆ ಹೆಂಡತಿಯೊಂದಿಗೆ ಹರಿಗೋಲು ಹತ್ತಿ ಹೊಳೆಯಾಚೆ ಹೋದ. ಊರಿಗೆ ಗೊತ್ತಿದ್ದದ್ದು ಇಷ್ಟು. ಇನ್ನೊಂದಿಷ್ಟು ಅಣ್ಣತಮ್ಮ ಇಬ್ಬರಿಗೇ ಗೊತ್ತಿತ್ತು.

ಈಗ ಜಂಬಣ್ಣ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಅಣ್ಣನ ಮುಖ ಒಮ್ಮೆ ನೋಡಬೇಕೆಂದು ಎರಡು ಸಲ ಹೇಳಿಕಳುಹಿಸಿದ್ದ. ಹುಲುಗಪ್ಪ ಎರಡು ಸಲವೂ ಬಂದವರನ್ನು ನಿಂತ ಕಾಲಲ್ಲೇ ಹಿಂದಕ್ಕೆ ಅಟ್ಟಿದ್ದ. ಮೂರನೆಯ ಸಲ ಯಾರೂ ಬರಲಿಲ್ಲ. ಅವನ ಹೆಂಡತಿ ಗಾಳೆಮ್ಮ ರೊಟ್ಟಿ ಬಡಿಸುತ್ತ, ತಲೆ ಎತ್ತದೆ ಹೇಳಿದಳು.

"ಇನ್ನ ಭಾಳ ದಿನ ಇಲ್ಲಂತ. ಒಮ್ಮೆ ಹೋಗಿ ಮಾರಿ ತೋರ್ಸಿ ಬರ್ರಿ. ನಿಮಗೇನ್ ಕಡಿಮಿ ಆಗತೈತಿ?"

ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಗಾಳೆಮ್ಮ ಹೀಗೆ ಎದುರು ಮಾತಾಡಿದ್ದಿಲ್ಲ. ಹುಲುಗಪ್ಪನಿಗೆ ತಕ್ಷಣ ವಾಸನೆ ಬಡಿಯಿತು. ಈ ಮಾತು ಇವಳದಲ್ಲ, ಯಾರೋ ಕಲಿಸಿಕೊಟ್ಟದ್ದು. ಯಾರು? ನಾಲ್ಕು ತಿಂಗಳಿಂದ ಇವಳು ಮಂಟಪದ ಕಸ ಗುಡಿಸಲು ಹೋಗುತ್ತಿದ್ದಾಳೆ. ಬೈರಾಗಿಗಳು ಹೆಂಗಸರ ಬಾಯಿಂದ ಮನೆಯ ಗುಟ್ಟು ತೆಗೆದು, ಅದನ್ನೇ ತಿರುಗಿಸಿ ದಿವ್ಯಜ್ಞಾನವೆಂದು ಹೇಳುವುದು ಅವನಿಗೆ ಗೊತ್ತಿಲ್ಲದ್ದೇ? ಅರ್ಧ ರೊಟ್ಟಿ ಬಿಟ್ಟು ಎದ್ದ. ಈ ತಾತ ಟೊಳ್ಳೆಂದು ಇವತ್ತು ನಾಲ್ಕು ಜನರ ಮುಂದೆ ತೋರಿಸಿಯೇ ಬರುತ್ತೇನೆ ಎಂದು ಹೊರಟ. ಗಾಳೆಮ್ಮ ಕೈ ತೊಳೆದುಕೊಂಡು ಹಿಂದೆಯೇ ಬಂದಳು.

ಮಂಟಪದ ಮೆಟ್ಟಿಲ ಮೇಲೆ ನಿಂತು ಹುಲುಗಪ್ಪ, "ಶರಣ್ರೀ ತಾತ" ಎಂದ. ತಾತನವರು ಓಲೆಯ ದಾರ ಬಿಚ್ಚುತ್ತಿದ್ದರು, ತಿರುಗಿಯೂ ನೋಡಲಿಲ್ಲ. ಎಷ್ಟು ಸೊಕ್ಕು ಎಂದುಕೊಂಡ ಹುಲುಗಪ್ಪ. ಒಳಗೆ ಬರುತ್ತ, ರೂಢಿಯ ಬಲದಿಂದ, ಪಕ್ಕದ ಕಂಬವನ್ನು ಬೆರಳಗೆಣ್ಣಿನಿಂದ ಎರಡು ಸಲ ಬಡಿದ. ಟೊಳ್ಳು ಸದ್ದು ಬಂತು. ದಾರ ಬಿಚ್ಚಿ ಮುಗಿಸಿದ ತಾತನವರು ಆಗ ತಲೆ ಎತ್ತಿದರು. ಅವರ ಕಣ್ಣು ಅವನ ಮುಖದ ಮೇಲಲ್ಲ, ಕಂಬದ ಮೇಲಿದ್ದ ಅವನ ಕೈಯ ಮೇಲೆ ನಿಂತಿತು. ಸ್ವಲ್ಪ ನಕ್ಕು ಓಲೆ ಬಿಡಿಸಿದರು. ಅಂದಿನ ಕಥೆ ಹಿರಣ್ಯಕಶಿಪುವಿನದು.

"ಅವನ ಎದೆ ಕಲ್ಲಿನದಾಗಿತ್ತಪ್ಪ," ಎಂದು ತಾತನವರು ಆರಂಭಿಸಿದರು. "ಮಗನ ಮಾತನ್ನು ನಂಬಲಿಲ್ಲ, ಗುರುಗಳನ್ನು ನಂಬಲಿಲ್ಲ. ಕಡೆಗೆ ಕಂಬವನ್ನೂ ನಂಬಲಿಲ್ಲ. ಬಡಿದು ನೋಡಿದ."

ಹುಲುಗಪ್ಪನ ಕೈ ತಾನಾಗಿಯೇ ಕಂಬದಿಂದ ಕೆಳಗಿಳಿಯಿತು. ಸುತ್ತ ನೋಡಿದ. ಯಾರೂ ಅವನತ್ತ ನೋಡುತ್ತಿರಲಿಲ್ಲ. ಬೇಕೆಂದೇ ನೋಡುತ್ತಿಲ್ಲ ಎಂದು ಅವನಿಗೆ ಅನಿಸಿತು. ಹೋಗಲಿ, ಪುರಾಣದಲ್ಲಿ ಕಂಬ ಇದ್ದೇ ಇದೆ ಎಂದು ತನಗೆ ತಾನೇ ಹೇಳಿಕೊಂಡು ಒಂದು ಹರಿಗೋಲಿಗೆ ಒರಗಿ ಕುಳಿತ.

ತಾತನವರು ಮುಂದುವರಿಸಿದರು. ಹಗಲೂ ಬೇಡ ಇರುಳೂ ಬೇಡ, ಒಳಗೂ ಬೇಡ ಹೊರಗೂ ಬೇಡ ಎಂದು ಆ ದೈತ್ಯ ವರ ಬೇಡಿದ್ದನ್ನು ಹೇಳಿದರು. "ಅದಕ್ಕೇ ಸ್ವಾಮಿ ಹೊಸ್ತಿಲ ಮೇಲೆ ಕುಳಿತ. ನನ್ನ ಹೊಸ್ತಿಲೊಳಗೆ ಅವನು ಬರಕೂಡದೆಂದು ಹಟ ಹಿಡಿದವನ ಹೊಸ್ತಿಲೇ ನ್ಯಾಯದ ಕಟ್ಟೆಯಾಯಿತು."

ಹೊಸ್ತಿಲು. ಹುಲುಗಪ್ಪ ಹೆಂಡತಿಯ ಕಡೆ ಕಣ್ಣು ಬಿಟ್ಟ. ಗಾಳೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಥೆಯಲ್ಲಿ ಮುಳುಗಿದ್ದಳು. ನಟನೆ, ಎಂದುಕೊಂಡ. ಎದ್ದು ಹೋಗಬಹುದಿತ್ತು, ಆದರೆ ಎದ್ದು ಹೋದರೆ ಜನ ಏನು ತಿಳಿದಾರು?

"ಸೀಳಿದನು ನಿಜ," ಎಂದರು ತಾತನವರು. ಅವರ ದನಿ ಏರಿದಂತೆಯೇ ಇತ್ತು, ಆದರೆ ಕಣ್ಣು ತೇವವಾಗಿತ್ತು. "ಎಲ್ಲಿ ಇಟ್ಟುಕೊಂಡು ಸೀಳಿದ? ತೊಡೆಯ ಮೇಲೆ. ತೊಡೆ ಅಂದರೆ ತಾಯಿ ಕೂಸನ್ನು ಮಲಗಿಸಿಕೊಳ್ಳುವ ಜಾಗ. ಭೂಮಿ ಹೊರಲಾರದ ಆ ಕಲ್ಲೆದೆಯನ್ನು ಭಗವಂತ ತೊಡೆಯ ಮೇಲೆ ಹಾಕಿಕೊಂಡ. ದಂಡನೆ ಆದದ್ದೂ ಅಲ್ಲೇ, ದಯೆ ಆದದ್ದೂ ಅಲ್ಲೇ."

ಜನ ಕಣ್ಣೊರೆಸಿಕೊಂಡರು. ತಾತನವರು ಹೂಜಿಯ ನೀರು ಕುಡಿದು ಕಡೆಯ ಭಾಗಕ್ಕೆ ಬಂದರು.

"ಆಮೇಲೆ ಸ್ವಾಮಿ ಪ್ರಹ್ಲಾದನನ್ನು ವರ ಕೇಳು ಎಂದ. ತನ್ನನ್ನು ಬೆಟ್ಟದಿಂದ ನೂಕಿದವನು, ವಿಷ ಉಣಿಸಿದವನು ಎಂದು ಆ ಕೂಸು ಒಂದು ದೂರು ಹೇಳಲಿಲ್ಲ. ನನ್ನ ತಂದೆಯ ಪಾಪ ತೊಳೆದುಬಿಡು ಎಂದ. ಅಷ್ಟೆ. ತಾನು ಉಂಡ ನೋವನ್ನೆಲ್ಲ ಬಾಯಿ ಬಿಡದೆ ನುಂಗಿಕೊಂಡಿದ್ದ."

ಬಾಯಿ ಬಿಡದೆ ನುಂಗಿಕೊಂಡಿದ್ದ. ಈ ಮಾತು ಹುಲುಗಪ್ಪನಿಗೆ ತಗಲಬಾರದ ಕಡೆ ತಗಲಿತು. ಕಂಬ ಇರಲಿ, ಹೊಸ್ತಿಲು ಇರಲಿ, ಅವು ಗಾಳೆಮ್ಮನಿಗೂ ಗೊತ್ತು. ಇದು ಅವಳಿಗೂ ಗೊತ್ತಿಲ್ಲ. ಇದನ್ನು ಹೇಳಬಲ್ಲವನು ಒಬ್ಬನೇ. ಹಾಗಾದರೆ ಹೊಳೆಯಾಚೆಯಿಂದಲೇ ಮಾತು ಬಂದಿದೆ. ಅವನು ಚಂಗನೆ ಎದ್ದು ನಿಂತ.

"ಯಾರು ಹೇಳಿದ್ರು ನಿಮಗ?" ಎಂದು ಕೂಗಿದ. "ಜಂಬ ಹೇಳಿಕಳ್ಸ್ಯಾನೇನು? ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವ ಈಗ ಸಾಯೂ ಹೊತ್ತಿನ್ಯಾಗ ಬಾಯಿ ಬಿಟ್ಟನೇನು? ಹೌದು, ಗುಂಡಿಯಿಂದ ಸುಣ್ಣ ತೆಗಿ ಅಂದಾವ ನಾನು. ಅವ ಬ್ಯಾಡ ಅಂದ. ಅಣ್ಣಾ, ಸುಣ್ಣ ಇನ್ನ ನೆಂದಿಲ್ಲ, ಒಂದು ತಿಂಗಳ ತಡಿ ಅಂತ ನನಗೊಬ್ಬನಿಗೇ ಹೇಳಿದ್ದ. ನನಗ ಇನ್ನೊಂದು ಊರಿನ ಕೆಲಸ ಹಿಡಿಯೂ ಆಸೆ. ಸುಮ್ನ ಹಚ್ಚು ಅಂದೆ. ಗೋಡಿ ಸಿಡಿದಾಗ ತಪ್ಪು ಅವನ ಮ್ಯಾಲೆ ಹಾಕಿದೆ. ಕರಣಿ ಕಸಗೊಂಡೆ. ಅವ ಆಗಲೂ ಏನೂ ಅನ್ನಲಿಲ್ಲ. ಇದನ್ನ ನಿಮಗ ಯಾರು ಹೇಳಿದ್ರು, ಅದನ್ನ ಹೇಳ್ರಿ ಮೊದಲ."

ತಾತನವರು ಓಲೆಗಳನ್ನು ಜೋಡಿಸಿ ಕೆಂಪು ಬಟ್ಟೆಯ ಗಂಟು ಹಾಕುತ್ತಿದ್ದರು. ಇಷ್ಟು ದೊಡ್ಡ ಕೂಗಿಗೆ ಅವರ ಕೈ ಒಂದು ಕ್ಷಣವೂ ತಡೆಯಲಿಲ್ಲ. ಕಡೆಗೆ ಮುಂದೆ ಕುಳಿತಿದ್ದ ಒಬ್ಬ ಮುದುಕಿ ಹಿಂದಕ್ಕೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಯಪ್ಪಾ, ತಾತಗ ಕಿವಿ ಕೇಳಂಗಿಲ್ಲ," ಎಂದಳು. "ಹನ್ನೆರಡು ವರ್ಷಾತು. ಗುಡುಗು ಹೊಡೆದರೂ ಕೇಳಂಗಿಲ್ಲ. ಅವರಿಗೆ ಯಾರು ಏನ್ ಹೇಳಾಕ ಬರತೈತಿ? ಸಾಲಿನ ಪರಕಾರ ಕತಿ ಓದತಾರ. ನಿನ್ನಿ ಇದರ ಹಿಂದಿನ ಕತಿ ಓದಿದ್ರು, ಇವತ್ತ ಇದು ಬಂತು."

ಹುಲುಗಪ್ಪನಿಗೆ ಆಗ ಹೊಳೆಯಿತು. ಯಾರೂ ಹೇಳಿರಲಿಲ್ಲ. ಹೆಂಡತಿ ಹೇಳಿರಲಿಲ್ಲ, ತಮ್ಮ ಹೇಳಿರಲಿಲ್ಲ. ಹನ್ನೊಂದು ವರ್ಷ ಒಬ್ಬರಿಗೂ ಗೊತ್ತಾಗದಂತೆ ಬಚ್ಚಿಟ್ಟದ್ದನ್ನು ಊರಿನ ಎದುರು ತಾನೇ ಕೂಗಿ ಹೇಳಿದ್ದ, ಅದೂ ಕೇಳಲಾರದ ಒಬ್ಬರ ಮೇಲೆ ಸಿಟ್ಟು ಮಾಡಿಕೊಂಡು. ಅವನು ಗಾಳೆಮ್ಮನ ಕಡೆ ನೋಡಿದ. ಅವಳು ಅವನನ್ನು ಹೊಸದಾಗಿ ನೋಡುವಂತೆ ನೋಡುತ್ತಿದ್ದಳು. ಆ ನೋಟವನ್ನು ತಾಳಲಾರದೆ ಅವನು ನೆಲಕ್ಕೆ ಕುಸಿದು ಕುಳಿತ.

ಎಲ್ಲರ ಕಣ್ಣು ಒಂದೇ ಕಡೆ ತಿರುಗಿದ್ದನ್ನು ಕಂಡ ಮೇಲೆಯೇ ತಾತನವರು ಅವನನ್ನು ನೋಡಿದರು. ಏನಾಯಿತೆಂದು ಯಾರನ್ನೂ ಕೇಳಲಿಲ್ಲ. ಕೋಲೂರಿ ಎದ್ದು ಬಂದು ಅವನೆದುರು ಕುಕ್ಕುರುಗಾಲಲ್ಲಿ ಕುಳಿತರು. ಅವನ ಬಲಗೈ ಹಿಡಿದು, ವರ್ಷಗಟ್ಟಲೆ ಗೋಡೆಗಳನ್ನು ಬಡಿದು ಜಡ್ಡುಗಟ್ಟಿದ ಆ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಸವರಿದರು. ಬಳಿಕ ಅದೇ ಕೈಯನ್ನು ಮಡಿಸಿ ಅವನ ಎದೆಯ ಮೇಲೆ ತಂದಿಟ್ಟರು.

"ಇಲ್ಲಿ ಒಮ್ಮೆಯೂ ಬಡಿದು ನೋಡಲಿಲ್ಲವಲ್ಲಪ್ಪ," ಎಂದರು.

ತಾತನವರು ಅಂದು ಅವನಿಗೆ ಹೇಳಿದ್ದು ಅಷ್ಟೇ. ಹುಲುಗಪ್ಪ ಅಳಲು ಶುರುಮಾಡಿದ. ಅಳುವುದು ರೂಢಿಯಿಲ್ಲದವರ ಅಳು ನೋಡಲು ಚೆಂದವಲ್ಲ, ಹೊತ್ತೂ ಹಿಡಿಯುತ್ತದೆ. ತಾತನವರು ಅದು ಮುಗಿಯುವವರೆಗೆ ಅವನ ಕೈ ಬಿಡಲಿಲ್ಲ. ಆ ಅಳುವೂ ಅವರಿಗೆ ಕೇಳಿಸುತ್ತಿರಲಿಲ್ಲ. ಕೈಗೆ ಮಾತ್ರ ಗೊತ್ತಾಗುತ್ತಿತ್ತು.

ಕಡೆಗೆ ಗಾಳೆಮ್ಮ ಬಂದು ಗಂಡನ ರಟ್ಟೆ ಹಿಡಿದಳು. "ಏಳ್ರಿ. ಹರಿಗೋಲು ಇನ್ನ ಒಂದು ಸಲ ಆಚಿ ಹೋಗತೈತಿ" ಎಂದಳು. ಹರಿಗೋಲು ನಡೆಸುವವನು ಆಗಲೇ ಬೋರಲಾಗಿದ್ದ ಒಂದು ಹರಿಗೋಲನ್ನು ಎತ್ತಿ ನೀರಿಗೆ ಉರುಳಿಸುತ್ತಿದ್ದ. ಹೊತ್ತು ಮುಳುಗಲು ಇನ್ನೂ ಎರಡು ಮಾರು ಇತ್ತು.

ಹೊಳೆಯಾಚೆಯ ಜಂಬಣ್ಣನ ಮನೆ ಒಂದೇ ಅಂಕಣದ್ದು, ಆದರೆ ಗೋಡೆಗಳು ಬೆಣ್ಣೆ ಸವರಿದ ಹಾಗಿದ್ದವು. ಬಾಗಿಲಲ್ಲಿ ನಿಂತ ಹುಲುಗಪ್ಪನ ಕೈ ತಾನಾಗಿಯೇ ಗೋಡೆಯ ಕಡೆ ಎದ್ದಿತು. ಒಳಗೆ ಚಾಪೆಯ ಮೇಲೆ ಎಲುಬಿನ ಗೂಡಾಗಿ ಮಲಗಿದ್ದ ಜಂಬಣ್ಣ ಅದನ್ನು ಕಂಡ. ಅವನ ತುಟಿಯ ಮೇಲೆ ನಗೆ ಮೂಡಿತು.

"ಬಡಿದು ನೋಡಣ್ಣ," ಎಂದ ಮೆಲ್ಲಗೆ. "ಒಂದು ವರ್ಷ ನೆನಸಿದ ಸುಣ್ಣ."

ಹುಲುಗಪ್ಪ ಬಡಿಯಲಿಲ್ಲ. ಕೈ ಕೆಳಗಿಳಿಸಿ, ಹೊಸ್ತಿಲು ದಾಟಿ ಒಳಗೆ ಬಂದು ನೆಲದ ಮೇಲೆ ಕುಳಿತ. ತಮ್ಮನ ತಲೆಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಗಾಳೆಮ್ಮ ಬಾಗಿಲಲ್ಲೇ ನಿಂತಿದ್ದಳು.

"ನಾ ಈ ಸಲ ಹೇಳಿಕಳ್ಸಿರಲಿಲ್ಲಲ್ಲಣ್ಣ," ಎಂದ ಜಂಬಣ್ಣ. "ಯಾರು ಹೇಳಿದ್ರು ನಿನಗ?"

ಜೀವಮಾನವೆಲ್ಲ ತಾನು ಊರಿಗೆ ಕೇಳುತ್ತ ಬಂದ ಪ್ರಶ್ನೆಯನ್ನು ಹುಲುಗಪ್ಪ ತಮ್ಮನ ಬಾಯಿಂದ ಕೇಳಿದ. ಬಗ್ಗಿ ಅವನ ಹಣೆಗೆ ತನ್ನ ಹಣೆ ತಾಗಿಸಿದ.

"ಯಾರೂ ಹೇಳಲಿಲ್ಲೋ ಜಂಬ," ಎಂದ. "ನಾನೇ ಎಲ್ಲಾರಿಗೂ ಹೇಳಿಬಂದೆ."