ಹಾಲೆ ಮರದ ಕತ್ತಿಗೆ ಐದು ಚುಕ್ಕಿ

ಹೇಳಿದ ಮಾತು ಕೇಳದ ಮಕ್ಕಳು ಎಲ್ಲ ಊರಲ್ಲೂ ಇರುತ್ತಾರೆ. ಕಾಳಮ್ಮನ ಮಗ ಮೋನಪ್ಪ ಹಾಗಲ್ಲ. ಹೇಳಿದ್ದನ್ನು ಕೇಳುತ್ತಿದ್ದ. ಹೇಳಿದಷ್ಟನ್ನೇ ಕೇಳುತ್ತಿದ್ದ. ಕಾಳಮ್ಮನ ಕಷ್ಟವೆಲ್ಲ ಅದೇ. ಈ ಕತೆ ಕೇಳಿ ನಗಬೇಕೆನಿಸಿದರೆ ನಗಿ, ಅವಳಂತೂ ನಗಲಿಲ್ಲ.

ಅವಳ ಗಂಡ ವೀರಾಚಾರಿ ಇನ್‌ಲೇ ಕೆಲಸದವನು. ಬೀಟೆ ಮರದಲ್ಲಿ ಗುಳಿ ತೋಡಿ ಬಿಳಿ ಚಿಪ್ಪಿನ ಚೂರು ಕೂರಿಸುವುದು ಅವನ ಕಸುಬು. ಆ ಬೀದಿಗೆ ಬೀದಿಯೇ ಅದನ್ನು ಮಾಡುತ್ತಿತ್ತು: ಕರಿ ಮರ, ಬಿಳಿ ಚೂರು. ಮೋನನ ಕೈಯೂ ಅಪ್ಪನ ಕೈಯೇ. ಅವನು ಕೂರಿಸಿದ ಚೂರಿನ ಅಂಚಿಗೆ ಉಗುರು ತಗಲುತ್ತಿರಲಿಲ್ಲ. ವಯಸ್ಸು ಮೂವತ್ತು. ತಲೆ ಮಾತ್ರ ಕೈಯ ಜೊತೆ ಬೆಳೆದಿರಲಿಲ್ಲ.

ವೀರಾಚಾರಿ ಸಾಯುವ ಮೊದಲು ಹಿಡಿದ ಕೊನೆಯ ಕೆಲಸ ಚೌರಪ್ಪ ಮೇಷ್ಟ್ರ ಗಿಟಾರಿನದು. ಮೇಷ್ಟ್ರು ನಲವತ್ತು ವರ್ಷದಿಂದ ಚರ್ಚಿನಲ್ಲಿ ಗಿಟಾರ್ ನುಡಿಸುವವರು, ಅವರ ಹೆಂಡತಿ ಮದಲೇನಮ್ಮ ಹಾಡುತ್ತಿದ್ದವರು. ಗಿಟಾರಿನ ಹಳೆಯ ಕತ್ತು, ತಂತಿಯ ಕೆಳಗೆ ಬೆರಳೊತ್ತುವ ಆ ಉದ್ದ ಪಟ್ಟಿ, ತಿರುಚಿಕೊಂಡಿತ್ತು. ಮೇಷ್ಟ್ರ ಕಣ್ಣಿಗೆ ಪೊರೆ ಬಂದಿತ್ತು. "ಕರಿ ಮರದ ಮೇಲೆ ನನಗೇನೂ ಕಾಣಲ್ಲ ಆಚಾರ್ರೇ. ಬೆಳ್ಳಗಿರೋ ಕತ್ತು ಮಾಡಿಕೊಡಿ" ಅಂದಿದ್ದರು. ವೀರಾಚಾರಿ ಬೆಳ್ಳನೆಯ ಹಾಲೆ ಮರದಲ್ಲಿ, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಎರಡು ಕತ್ತು ಮಾಡಿದ, ಅಡ್ಡಡ್ಡಕ್ಕೆ ಹಿತ್ತಾಳೆ ಮೆಟ್ಟಿಲು ಜಡಿದ. ಚುಕ್ಕಿ ಕೂರಿಸುವುದೊಂದು ಬಾಕಿ. ಎರಡು ಮೆಟ್ಟಿಲ ನಡುವಿನ ಜಾಗ ಒಂದು ಮನೆ; ಮೂರನೇ ಮನೆಗೊಂದು, ಐದು, ಏಳು, ಒಂಬತ್ತು, ಹನ್ನೆರಡಕ್ಕೊಂದು. ಆ ಚುಕ್ಕಿ ನೋಡಿಕೊಂಡೇ ನುಡಿಸುವವನ ಕೈ ಓಡಾಡುವುದು. ಅಷ್ಟರಲ್ಲಿ ಜ್ವರ ಬಂತು, ವೀರಾಚಾರಿ ಹೋದ.

ಒಂದು ಸೋಮವಾರ ಮೇಷ್ಟ್ರು ಕೋಲೂರಿಕೊಂಡು ಬಂದರು.

"ನನ್ನ ಹೆಂಡತಿ ತೀರಿಕೊಂಡು ವರ್ಷವಾಯ್ತು, ಈ ಭಾನುವಾರ ಚರ್ಚಿನಲ್ಲಿ ಅವಳ ಪೂಜೆ, ತಾಯಿ. ಅವಳ ಹಾಡು ಒಂದಿದೆ. ಅದನ್ನ ತಪ್ಪಿಲ್ಲದೆ ನುಡಿಸಿಬಿಟ್ಟರೆ ನನಗೆ ಸಾಕು."

"ನಮ್ಮೆಜಮಾನ್ರು ಒಪ್ಪಿಕೊಂಡ ಕೆಲಸ ಮೇಷ್ಟ್ರೇ, ಆಗುತ್ತೆ" ಎಂದು ಕಾಳಮ್ಮ ಮಾತು ಕೊಟ್ಟಳು. ಕೊಟ್ಟಮೇಲೆ ಮಗನ ಮುಖ ನೋಡಿದಳು. ಕೆಲಸ ಅವಳಿಗೂ ಗೊತ್ತು. ಆದರೆ ಉಳಿ ಹಿಡಿದರೆ ಕೈ ನಡುಗುತ್ತಿತ್ತು.

"ಮೋನ, ಐದು ಚುಕ್ಕಿ. ನಿಮ್ಮಪ್ಪ ಹೇಗೆ ಕೂರಿಸ್ತಿದ್ದರೋ ಹಾಗೇ ಕೂರಿಸು."

"ಹೂಂ ಅವ್ವ."

ಅಪ್ಪ ಕೂರಿಸುತ್ತಿದ್ದದ್ದು ಬಿಳಿ ಚಿಪ್ಪು. ಮೋನನೂ ಬಿಳಿ ಚಿಪ್ಪನ್ನೇ ಆರಿಸಿದ. ಬೆಳ್ಳನೆಯ ಮರಕ್ಕೆ ಬೆಳ್ಳನೆಯ ಚುಕ್ಕಿ. ಎಷ್ಟು ಚೆನ್ನಾಗಿ ಕೂರಿಸಿದನೆಂದರೆ ಕಾಳಮ್ಮ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು, ಕಾಣಲಿಲ್ಲ. ಎಂಜಲು ಹಚ್ಚಿ ಉಜ್ಜಿದಳು, ಕಾಣಲಿಲ್ಲ.

"ಎಲ್ಲೋ ಚುಕ್ಕಿ?"

"ಅದರೊಳಗೇ ಇದೆ ಅವ್ವ."

"ಅಯ್ಯೋ ಪೆದ್ದೇ! ನನ್ನ ಕಣ್ಣಿಗೇ ಕಾಣದ್ದು ಮೇಷ್ಟ್ರಿಗೆ ಕಾಣುತ್ತೇನೋ? ಬೆಳ್ಳಗಿರೋ ಮರಕ್ಕೆ ಕಪ್ಪು ಹಾಕಬೇಕು! ಕಪ್ಪು!"

"ಹೂಂ ಅವ್ವ."

ಮಾರನೆಯ ದಿನ ಅವನು ಮನೆಯೆಲ್ಲ ಹುಡುಕಿದ. ಬೀಟೆ ಇತ್ತು, ಬಿಸಿಲಿಗೆ ಹಿಡಿದು ನೋಡಿದ, ಕಂದು ಕಂಡಿತು. ಅವ್ವ ಹೇಳಿದ್ದು ಕಪ್ಪು. ಒಲೆಯಲ್ಲಿ ನೋಡಿದ. ಇದ್ದಿಲಿಗಿಂತ ಕಪ್ಪು ಇನ್ನೇನಿದೆ? ಇದ್ದಿಲು ಕುಟ್ಟಿದ, ಎಣ್ಣೆಯಲ್ಲಿ ಕಲಸಿದ. ಅವ್ವ ಮರಕ್ಕೆ ಹಾಕು ಅಂದಿದ್ದಳೇ ಹೊರತು ಚುಕ್ಕಿಗೆ ಹಾಕು ಅಂದಿರಲಿಲ್ಲ. ಕತ್ತಿನ ಈ ತುದಿಯಿಂದ ಆ ತುದಿವರೆಗೆ ಬಳಿದ.

ಕಾಳಮ್ಮ ಪಾಲಿಶ್ ಪೇಪರಿನಲ್ಲಿ ಉಜ್ಜಿದಳು. ಎಣ್ಣೆ ಮರದೊಳಕ್ಕೆ ಇಳಿದಿತ್ತು. ಉಜ್ಜಿದಷ್ಟೂ ಕಪ್ಪು. ಆ ಕತ್ತನ್ನು ಮೂಲೆಗಿಟ್ಟು ಇನ್ನೊಂದನ್ನು ತಂದಳು.

"ನಿಮ್ಮಪ್ಪನ ಕೈ ಮುಟ್ಟಿದ ಕತ್ತು ಇನ್ನೊಂದೇ ಉಳಿದಿರೋದು, ಮಗ" ಅಂದಳು. "ಬೈಯಲ್ಲ. ಸರಿಯಾಗಿ ಕೇಳು. ಬೀಟೆ ಚೂರು ತಗೋ. ಮೊದಲು ಮೇಷ್ಟ್ರಿಗೆ ತೋರಿಸು. ಕಾಣುತ್ತೆ ಅಂತ ಅವರು ಬಾಯಿಬಿಟ್ಟು ಹೇಳಬೇಕು. ಆಮೇಲೇ ಕೂರಿಸು. ತಿಳೀತಾ?"

"ತಿಳೀತು ಅವ್ವ."

ಬುಧವಾರ ಮೋನ ಮೇಷ್ಟ್ರ ಮನೆಗೆ ಹೋದ. ಬೀಟೆಯ ಚೂರನ್ನು ಅಂಗೈ ಮೇಲಿಟ್ಟು ಹೊಸಲಾಚೆ ನಿಂತುಕೊಂಡ.

"ಮೇಷ್ಟ್ರೇ, ಕಾಣುತ್ತಾ?"

"ಏನಪ್ಪ ಅದು?"

"ಕಾಣುತ್ತಾ ಹೇಳಿ."

"ಇಲ್ಲಪ್ಪ."

ಮೋನ ಮನೆಗೆ ಬಂದ, ರೂಪಾಯಿ ಬಿಲ್ಲೆಯಗಲದ ಚೂರು ಕೊಯ್ದ. "ಕಾಣುತ್ತಾ?" "ಇಲ್ಲಪ್ಪ." ತಟ್ಟೆಯಗಲದ್ದು ತಂದ. "ಕಾಣುತ್ತಾ?" "ಏನೋ ಅಲ್ಲಾಡಿದ ಹಾಗಿದೆ." ಸಂಜೆ ಅಪ್ಪನ ಬೀಟೆ ಹಲಗೆಯನ್ನೇ ತಲೆ ಮೇಲೆ ಹೊತ್ತು ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿದ. ಮನೆಯೊಳಗೆ ಕತ್ತಲಾಯಿತು.

"ಕಾಣುತ್ತೆ ಕಣಪ್ಪ, ಕಾಣುತ್ತೆ! ಬಾಗಿಲು ಬಿಡು!"

ಗುರುವಾರ ಕಾಳಮ್ಮ ಎದ್ದು ನೋಡಿದರೆ, ಎರಡು ಬೆರಳಗಲದ ಕತ್ತಿನ ಪಕ್ಕ ಬಾಗಿಲಗಲದ ಹಲಗೆ ಮಲಗಿಸಿಕೊಂಡು ಮೋನ ಅಳತೆ ಹಿಡಿಯುತ್ತ ಕೂತಿದ್ದಾನೆ.

"ಇದನ್ನ ಇದರೊಳಗೆ ಹೇಗೆ ಕೂರಿಸೋದು ಅವ್ವ?"

ಕಾಳಮ್ಮ ಹಣೆ ಚಚ್ಚಿಕೊಂಡಳು. "ಕಡಲೆಕಾಳಿನಷ್ಟು ಸಾಕು ಕಣೋ! ಗಿಟಾರ್ ಹಿಡಿದವರು ಬಗ್ಗಿ ಹತ್ತಿರದಿಂದ ನೋಡ್ತಾರೆ! ಅವರ ಕಣ್ಣನ್ನ ಇನ್ನು ಕೇಳಬೇಡ. ಬೆರಳು ನೋಡು. ಮೂರು, ಐದು ಅನ್ನೋ ಲೆಕ್ಕ ಬೇಡ, ಅವರ ಬೆರಳು ಎಲ್ಲಿ ನಿಲ್ಲುತ್ತೋ ಅಲ್ಲಿ ಕೂರಿಸು."

"ಬೆರಳು ನಿಂತ ಕಡೆ."

"ಹೂಂ. ಬೆರಳು ನಿಂತ ಕಡೆ."

ಕತ್ತನ್ನು ಗಿಟಾರಿಗೆ ತಿರುಪು ಹಾಕಿ ಕೂಡಿಸಿಕೊಂಡು, ಐದು ಬೀಟೆ ಚೂರು ಕೊಯ್ದುಕೊಂಡು, ಮೋನ ಶುಕ್ರವಾರ ಮೇಷ್ಟ್ರ ಎದುರು ಕೂತ. ಮೇಷ್ಟ್ರು ಗಿಟಾರ್ ಹಿಡಿದರು. ಬರಿಯ ಕತ್ತಿನ ಮೇಲೆ ಬೆರಳು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಗುರುತಿಲ್ಲದೆ ಎಲ್ಲಿ ನಿಲ್ಲುತ್ತದೆ? ಎಲ್ಲೂ ನಿಲ್ಲಲಿಲ್ಲ. ಮೋನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಾದ. ಮೇಷ್ಟ್ರು ಗಿಟಾರ್ ಪಕ್ಕಕ್ಕಿಟ್ಟರು. ಗೋಡೆಗೆ ನೇತುಹಾಕಿದ್ದ ಮದಲೇನಮ್ಮನ ಫೋಟೋದ ಹತ್ತಿರ ಹೋದರು. ಮುಖ ಅವರಿಗೆ ಕಾಣುತ್ತಿರಲಿಲ್ಲ. ಚೌಕಟ್ಟಿನ ಮೇಲೆ ಬೆರಳಿಟ್ಟು ನಿಂತರು.

ಬೆರಳು ನಿಂತಿತು.

ಅವರು ಊಟ ಮಾಡಿ ಮಲಗಿದಾಗ ಮೋನ ಫೋಟೋ ಇಳಿಸಿಕೊಂಡ.

ಶನಿವಾರ ಕಾಳಮ್ಮ ಮೇಷ್ಟ್ರ ಮನೆಗೆ ಹೋಗಿ ನೋಡಿದಳು. ಗಿಟಾರಿನ ಕತ್ತು ಹಾಗೇ ಬೋಳು. ಫೋಟೋದ ತಿಳಿ ಮರದ ಚೌಕಟ್ಟಿನಲ್ಲಿ ಬೀಟೆಯ ಐದು ಚುಕ್ಕಿ. ಅಂಥ ಕೆಲಸವನ್ನು ಅವಳು ಗಂಡನ ಕೈಯಲ್ಲೂ ನೋಡಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಇಲ್ಯಾಕೋ ಕೂರಿಸಿದೆ?"

"ಬೆರಳು ಇಲ್ಲೇ ನಿಂತಿದ್ದು ಅವ್ವ. ಮೇಷ್ಟ್ರನ್ನೇ ಕೇಳು."

ಮೇಷ್ಟ್ರು ಒಂದೊಂದೇ ಚುಕ್ಕಿ ಸವರಿ, "ಬೈಬೇಡಿ ತಾಯಿ" ಅಂದರು. "ನಾಳೆ ಹೇಗೋ ನುಡಿಸ್ತೀನಿ."

ದಾರಿಯಲ್ಲಿ ಕಾಳಮ್ಮ ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತ ನಡೆದಳು. "ಸುಮ್ಮನೆ ನಿಂತಾಗಿನ ಬೆರಳು ಲೆಕ್ಕಕ್ಕಿಲ್ಲ ಕಣೋ! ಆ ಹಾಡು ಹಾಡೋವಾಗ ಎಲ್ಲಿ ನಿಲ್ಲುತ್ತೋ, ಅದು ಜಾಗ! ನಾಳೆ ಬೆಳಿಗ್ಗೆ ಚರ್ಚಿಗೆ ಹೊರಡೋ ಮುಂಚೆ ಮೇಷ್ಟ್ರು ಮನೇಲಿ ಒಂದ್ಸಲ ಹಾಡಿಕೊಳ್ತಾರೆ. ಉಳಿ, ಚೂರು, ಅಂಟು ಸೊಂಟದಲ್ಲಿಟ್ಟುಕೊಂಡು ಹೋಗು. ನಿಂತ ತಕ್ಷಣ ಕೂರಿಸು. ತಡ ಮಾಡಬೇಡ!"

"ಹಾಡೋವಾಗ. ನಿಂತ ತಕ್ಷಣ."

ಭಾನುವಾರ ಮೇಷ್ಟ್ರು ಮನೆಯಲ್ಲಿ ಹಾಡಿಕೊಳ್ಳಲೇ ಇಲ್ಲ. ಆ ಮನೆಯೊಳಗೆ ಆ ಹಾಡು ಅವರ ಬಾಯಿಗೆ ಬರಲಿಲ್ಲ. ಬೋಳು ಕತ್ತಿನ ಗಿಟಾರೇ ಚರ್ಚಿಗೆ ಹೋಯಿತು. ಮೋನ ಹಿಂದೆ ಹಿಂದೆ ಹೋದ. ಕಾಳಮ್ಮ ಕೊನೆಯ ಬೆಂಚಿನಲ್ಲಿ ಮಗನ ಪಕ್ಕ ಮುದುರಿ ಕೂತಳು.

ಪೂಜೆ ಮುಗಿಯುತ್ತ ಬಂತು. ಮೇಷ್ಟ್ರು ಎದ್ದು ನುಡಿಸಲು ತೊಡಗಿದರು. ಮೊದಲ ಸಾಲು ಸರಿಯಾಯಿತು. ಎರಡನೆಯ ಸಾಲಿಗೆ ಕೈ ಮೇಲೆ ಹೋಯಿತು, ಒಂದು ಮನೆ ತಪ್ಪಿತು. ಅಪಸ್ವರ. ಬಗ್ಗಿ ನೋಡಿದರು, ಬೆಳ್ಳನೆಯ ಕತ್ತು, ಏನೂ ಇಲ್ಲ. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಯಾರೋ ಕೆಮ್ಮಿದರು. ಕಾಳಮ್ಮ ಭೂಮಿ ಬಾಯಿಬಿಡಬಾರದೇ ಎಂದುಕೊಂಡಳು.

ಮೇಷ್ಟ್ರು ಗಿಟಾರನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ನಲವತ್ತು ವರ್ಷದಲ್ಲಿ ಚರ್ಚಿನಲ್ಲಿ ಒಮ್ಮೆಯೂ ಹಾಡದವರು ಬರಿಗೈಯಲ್ಲಿ ನಿಂತು ಹಾಡಿದರು. ದನಿ ಒಡೆದಿತ್ತು. ಹಾಡು ಎಲ್ಲೂ ದಾರಿ ತಪ್ಪಲಿಲ್ಲ. ಹೆಂಡತಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲೇ ಅವರೂ ಉಸಿರು ತೆಗೆದುಕೊಂಡರು. ಕಾಳಮ್ಮ ಕಣ್ಣು ಮುಚ್ಚಿ ಕೇಳಿದಳು.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಮಗನಿರಲಿಲ್ಲ.

ಹಾಡು ಕೊನೆಯ ಸಾಲಿಗೆ ಬಂದಿತ್ತು. ಮೇಷ್ಟ್ರ ಬಲಗೈ ಮೇಲೆದ್ದು, ಬೆರಳು ಎದೆಯ ಮೇಲೆ ನಿಂತಿತ್ತು. ಬೆಂಚುಗಳ ನಡುವೆ ಮೋನ ತಡಮಾಡದೆ ನಡೆದು ಹೋಗುತ್ತಿದ್ದ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಬೀಟೆಯ ಚೂರು.

"ಬೆರಳು ಅಲ್ಲಾಡಿಸಬೇಡಿ ಮೇಷ್ಟ್ರೇ" ಅಂದ. "ಜಾಗ ಸಿಕ್ತು."