ಉಸ್ಸಪ್ಪನ ತಿರುವಿನಲ್ಲಿ ನಿಲ್ಲದ ಗಾಡಿ

ಬಹಳ ಹಿಂದೆ, ಘಟ್ಟದ ಬುಡದಲ್ಲಿ ಗಾಣಿಕೊಪ್ಪ ಅಂತ ಒಂದು ಊರು. ಬಹಳ ಹಿಂದೆ ಅಂದಕೂಡಲೇ ರಾಜ, ಕುದುರೆ, ಕೋಟೆ ಅಂತ ಕಿವಿ ನಿಮಿರಿಸಬೇಡಿ. ರಾಜರ ಕಥೆ ಹೇಳುವವರು ಬೇರೆ ಇದ್ದಾರೆ, ಬೇಕಾದರೆ ಅವರ ಹತ್ತಿರ ಹೋಗಿ. ನಾನು ಹೇಳುವುದು ಗಾಡಿಗಳು ಇನ್ನೂ ಡೀಸೆಲ್ ಕುಡಿದು ಹೊಗೆ ಉಗುಳುತ್ತಿದ್ದ ಕಾಲದ ಮಾತು. ಆ ಊರಲ್ಲಿ ದುಂಡವ್ವ ಅಂತ ಒಬ್ಬಳು ಇದ್ದಳಂತೆ. ಸುತ್ತಲಿನ ಊರಿನವರು ಅವಳನ್ನು ಪಾಕದ ದುಂಡವ್ವ ಅಂತಲೇ ಕರೆಯುತ್ತಿದ್ದರಂತೆ.

ಯಾಕೆ ಅಂತೀರಾ? ಯಾರ ಹೊಲದಲ್ಲಿ ಬೆಲ್ಲದ ಗಾಣ ಹೂಡಿದರೂ ಕೊಪ್ಪರಿಗೆಯ ಮುಂದೆ ಅವಳೇ ನಿಲ್ಲಬೇಕು. ಕಬ್ಬಿನ ಹಾಲು ಕುದ್ದು ಕುದ್ದು ಗಟ್ಟಿಯಾಗುವ ಹೊತ್ತಿಗೆ ಒಂದು ಹನಿ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆಯುವಳು. ಎಳೆ ಬಂದರೆ ಇಳಿಸಿ ಅನ್ನುವಳು. ಇಳಿಸಿದ ಪಾಕವನ್ನು ಅಗಲವಾದ ತೊಟ್ಟಿಗೆ ಸುರಿಸಿ, ಗಾಳಿಯಾಡುವಂತೆ ಹರಡಿಸುವಳು. ಕುದಿಯುವ ಪಾಕಕ್ಕೆ ಬೆರಳು ಅದ್ದಿದರೂ ಅವಳಿಗೆ ಸುಡುತ್ತಿರಲಿಲ್ಲ ಅಂತ ಹೇಳುತ್ತಾರೆ. ಸುಳ್ಳು. ಸುಡುತ್ತಿತ್ತು. ನನ್ನ ಅಜ್ಜಿ ಚಿಕ್ಕವಳಿದ್ದಾಗ ಆ ಬೆರಳು ನೋಡಿದ್ದಳು. ತುದಿಯಲ್ಲಿ ಚರ್ಮ ಸತ್ತು ಗಂಟು ಕಟ್ಟಿತ್ತಂತೆ. ಸುಟ್ಟರೂ ಅದ್ದುತ್ತಿದ್ದಳು, ಅವಳ ಜಾಯಮಾನವೇ ಅಂಥದ್ದು.

ಗಾಣಿಕೊಪ್ಪದಲ್ಲಿ ದವಾಖಾನೆ ಇರಲಿಲ್ಲ. ಇದ್ದದ್ದು ಘಟ್ಟದ ಮೇಲಿನ ಪೇಟೆಯಲ್ಲಿ. ಘಟ್ಟ ಹತ್ತಲು ಇಡೀ ಊರಿಗೆ ಇದ್ದದ್ದು ಒಂದೇ ಗಾಡಿ, ದಾವಲಸಾಬನ ಪಿಕಪ್. ಬೆಲ್ಲ ಹೋದರೂ ಅದರಲ್ಲೇ, ಬಸುರಿ ಹೋದರೂ ಅದರಲ್ಲೇ. ಅರ್ಧ ಘಟ್ಟಕ್ಕೆ ಒಂದು ಕಡಿದಾದ ತಿರುವು. ಎತ್ತಿನ ಗಾಡಿಯ ಕಾಲದಲ್ಲಿ ಎತ್ತು, ಮನುಷ್ಯ ಇಬ್ಬರೂ ಅಲ್ಲಿ ಉಸ್ಸಪ್ಪಾ ಅಂತ ಕೂರುತ್ತಿದ್ದರಂತೆ, ಅದಕ್ಕೇ ಅದು ಉಸ್ಸಪ್ಪನ ತಿರುವು. ಪಿಕಪ್ ಬಂದ ಮೇಲೂ ಕಥೆ ಬದಲಾಗಲಿಲ್ಲ. ಭಾರ ಹೊತ್ತು ಆ ತಿರುವಿಗೆ ಬರುವಷ್ಟರಲ್ಲಿ ಇಂಜಿನ್ ಕಾದು ಕೆಂಡವಾಗುತ್ತಿತ್ತು. ದಾವಲಸಾಬ ಇಳಿದು, ಹಿಂದಿನ ಗಾಲಿಗೆ ಒಂದು ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಕಾಯುತ್ತಿದ್ದ. ತಣ್ಣಗಾಗುವವರೆಗೆ ಯಾರೂ ಏನೂ ಮಾಡುವಂತಿರಲಿಲ್ಲ. ಹೀಗೇ ನಡೆದಿತ್ತು. ಹೀಗೇ ನಡೆಯಬೇಕು ಅಂತ ಊರು ಒಪ್ಪಿಕೊಂಡುಬಿಟ್ಟಿತ್ತು.

ದುಂಡವ್ವನಿಗೆ ಒಬ್ಬಳೇ ಮಗಳು, ಬಂಗಾರೆವ್ವ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿಗೆ ನೀರು ಹಾಕಲು ದುಂಡವ್ವ ಗಾಣದ ಕೂಲಿ ಕೂಡಿಟ್ಟು ಒಂದು ದೊಡ್ಡ ತಾಮ್ರದ ಹಂಡೆ ತಂದು, ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ ಇಟ್ಟಿದ್ದಳಂತೆ. ಒಂದು ಮಧ್ಯಾಹ್ನ ಬೇನೆ ಶುರುವಾಯಿತು. ಕೂಸು ಅಡ್ಡ ತಿರುಗಿತ್ತು. ಸೂಲಗಿತ್ತಿ ನನ್ನ ಕೈಲಾಗದು, ಪೇಟೆಗೆ ಒಯ್ಯಿರಿ ಅಂದಳು. ಒಯ್ದರು. ಉಸ್ಸಪ್ಪನ ತಿರುವಿನಲ್ಲಿ ಗಾಡಿ ನಿಂತಿತು. ದಾವಲಸಾಬ ಗಾಲಿಗೆ ಕಲ್ಲು ಕೊಟ್ಟ. ಇದ್ದ ನೀರೆಲ್ಲ ರೇಡಿಯೇಟರಿಗೆ ಸುರಿದ. ಇಂಜಿನ್ ತಣ್ಣಗಾಗುವಷ್ಟರಲ್ಲಿ ಬಂಗಾರೆವ್ವ ಹೋಗಿಬಿಟ್ಟಿದ್ದಳು. ಕೂಸೂ ಉಳಿಯಲಿಲ್ಲ. ದುಂಡವ್ವ ಅಳಲಿಲ್ಲ ಅಂತ ಹೇಳುತ್ತಾರೆ. ಅದೂ ಸುಳ್ಳು. ಅತ್ತಳು. ಘಟ್ಟ ಇಳಿಯುವಾಗ ಅವಳ ದನಿ ಕೆಳಗಿನ ಹೊಲದವರಿಗೆ ಕೇಳಿಸಿತ್ತಂತೆ.

ಈಗ ಕೇಳಿ, ಊರಿನವರು ಏನು ಮಾಡಿದರು ಅಂತ. ಊರಿನ ಪೂಜಾರಿ ಲಗಮಪ್ಪ. ಕೆಟ್ಟವನಲ್ಲ, ಆದರೆ ಯಾವುದಕ್ಕೂ ಕುಂಕುಮ ಹಚ್ಚದೆ ಬಿಡುವವನಲ್ಲ. ತಿರುವಿನಲ್ಲಿ ಒಬ್ಬ ದೇವಿ ಇದ್ದಾಳೆ, ಆ ತಾಯಿಯೇ ಹುಡುಗಿಯನ್ನು ತನ್ನ ಹತ್ತಿರ ಕರೆದುಕೊಂಡಳು, ಆ ಹುಡುಗಿ ಅಲ್ಲೇ ನೆಲೆಸಿದ್ದಾಳೆ ಅಂದ. ಅವತ್ತು ಗಾಲಿಗೆ ಕೊಟ್ಟಿದ್ದ ಕಲ್ಲನ್ನೇ ರಸ್ತೆ ಪಕ್ಕ ನೆಟ್ಟು, ಹಸಿರು ಬಳೆ ಇಟ್ಟು, ಅದಕ್ಕೆ ಬಂಗಾರೆವ್ವ ತಾಯಿ ಅಂತ ಹೆಸರಿಟ್ಟ. ಇನ್ನು ಮೇಲೆ ಪ್ರತಿ ಗಾಡಿಯೂ ಅಲ್ಲಿ ನಿಂತು ಕೈಮುಗಿದೇ ಹೋಗಬೇಕು, ನಿಲ್ಲದವರ ಹೊಣೆ ತನ್ನದಲ್ಲ ಅಂತ ಸಾರಿದ. ಊರಿಗೆ ಅದು ಹಿಡಿಸಿತು. ಹೇಗೂ ಗಾಡಿ ನಿಲ್ಲುತ್ತಿತ್ತು, ಈಗ ನಿಲ್ಲಲು ಒಂದು ಕಾರಣವೂ ಸಿಕ್ಕಿತು.

ದುಂಡವ್ವ ನಡೆದುಕೊಂಡೇ ಘಟ್ಟ ಹತ್ತಿದಳು. ಎಲ್ಲರೂ ನೋಡುತ್ತಿದ್ದ ಹಾಗೆ ಆ ಕಲ್ಲನ್ನು ಕಿತ್ತು ಕಂದಕಕ್ಕೆ ಉರುಳಿಸಿದಳು.

"ನನ್ನ ಮಗಳು ದೇವರಾಗಿಲ್ಲ, ಸತ್ತಾಳ," ಅಂದಳಂತೆ. "ಗಾಡಿ ನಿಂತಿತ್ತು, ಅದಕ್ಕ ಸತ್ತಾಳ. ನಿಂತಿದ್ದಕ್ಕ ಯಾಕ ಊದಿನಕಡ್ಡಿ ಹಚ್ಚತೀರಿ?"

ಊರಿನವರು ಇಳಿದು ಆ ಕಲ್ಲನ್ನು ಹುಡುಕಿ ಮತ್ತೆ ತಂದು ನೆಟ್ಟರು. ಅವಳು ಮತ್ತೆ ಹೋಗಿ ಕಿತ್ತಳು. ಅವರು ಮತ್ತೆ ನೆಟ್ಟರು. ಕೊನೆಗೆ ಅವಳು ಕಲ್ಲಿನ ತಂಟೆ ಬಿಟ್ಟಳು. ಸೋತಳು ಅಂದುಕೊಂಡರು ಜನ. ದುಂಡವ್ವ ಸೋಲುವುದೇ? ಅವಳು ಸೀದಾ ದಾವಲಸಾಬನ ಮನೆಗೆ ಹೋದಳು. ಗಾಡಿ ಯಾಕೆ ನಿಲ್ಲುತ್ತದೆ ಹೇಳು ಅಂದಳು. ಇಂಜಿನ್ ಕಾಯುತ್ತದೆ ಅಂದ ಅವನು. ಇಂಜಿನ್ನಿನ ಒಳಗೆ ಏನು ಕಾಯುತ್ತದೆ ಅಂದಳು. ಅವನಿಗೆ ಅಷ್ಟು ಸರಿಯಾಗಿ ಗೊತ್ತಿರಲಿಲ್ಲ. ಮುಂದಿನ ಸಲ ಬೆಲ್ಲ ಹೇರಿಕೊಂಡು ಘಟ್ಟ ಹತ್ತುವಾಗ ಅವಳೂ ಹೋಗಿ ಕೂತಳು. ತಿರುವಿನಲ್ಲಿ ಗಾಡಿ ನಿಂತಾಗ ದಾವಲಸಾಬ ರೂಢಿಯಂತೆ ರೇಡಿಯೇಟರಿಗೆ ನೀರು ಸುರಿದ. ಇಂಜಿನ್ನಿನ ಎಣ್ಣೆ ನೋಡುವ ಕಡ್ಡಿಯನ್ನೂ ಎಳೆದ. ದುಂಡವ್ವ ಅದನ್ನು ಕಸಿದುಕೊಂಡು, ಆ ಕಪ್ಪು ಎಣ್ಣೆಯನ್ನು ಬೆರಳ ನಡುವೆ ಹಿಡಿದು ಎಳೆದಳು. ಬೆರಳು ಚುರ್ ಅಂದಿತು. ಎಣ್ಣೆಗೆ ಎಳೆಯೇ ಇರಲಿಲ್ಲ, ನೀರಿನ ಹಾಗೆ ತೆಳ್ಳಗೆ ಜಾರಿತು.

ಅವಳು ಎಣ್ಣೆಯ ಜೊತೆ ಮಾತಾಡಿದಳು, ಎಣ್ಣೆ ಅವಳಿಗೆ ತನ್ನ ಸಂಕಟ ಹೇಳಿಕೊಂಡಿತು ಅಂತ ಹೇಳುತ್ತಾರೆ. ಎಣ್ಣೆ ಮಾತಾಡುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ಅವಳಿಗೆ ಹೊಳೆದದ್ದು ಇಷ್ಟೇ. ನೀವೆಲ್ಲ ನೀರು ಸುರಿಯುತ್ತಿದ್ದೀರಿ, ಒಳಗೆ ಎಣ್ಣೆ ಸೀಯುತ್ತಿದೆ. ಪಾಕವನ್ನು ಕೊಪ್ಪರಿಗೆಯಲ್ಲೇ ಬಿಟ್ಟರೆ ಸೀಯದೆ ಇನ್ನೇನಾಗುತ್ತದೆ? ಹೊರಗೆ ತೆಗೆಯಿರಿ, ಗಾಳಿಗೆ ಹಿಡಿಯಿರಿ, ಆಮೇಲೆ ಒಳಗೆ ಬಿಡಿ.

ದಾವಲಸಾಬ ಪೇಟೆಯಲ್ಲಿ ಗ್ಯಾರೇಜಿನ ಮಿಸ್ತ್ರಿಯನ್ನು ಕೇಳಿದ. ಮಿಸ್ತ್ರಿ ನಕ್ಕನಂತೆ, ಹೀಯಾಳಿಸಲು ಅಲ್ಲ. ಅಂಥದ್ದು ಇದೆ, ದೊಡ್ಡ ಲಾರಿಗಳಿಗೆ ಇರುತ್ತದೆ, ಆಯಿಲ್ ಕೂಲರ್ ಅಂತಾರೆ, ನಿನ್ನ ಗಾಡಿಗೆ ಕಂಪನಿಯವರು ಕೊಟ್ಟಿಲ್ಲ, ಹೊರಗಿನದು ತಂದು ಕೂರಿಸಬೇಕು ಅಂದ. ಕಂಪನಿಯವರನ್ನು ಕೇಳಿದರೆ, ಹೊರಗಿನ ಸಾಮಾನು ಹಾಕಿದರೆ ನಮ್ಮ ಹೊಣೆ ಇಲ್ಲ ಅಂದರು. ದಾವಲಸಾಬನ ಜೀವ ಹೊಯ್ದಾಡಿತು. ಹೊಟ್ಟೆಪಾಡಿನ ಗಾಡಿ, ಪಾಪ. ಅತ್ತ ಲಗಮಪ್ಪ, ಇತ್ತ ಕಂಪನಿ, ಎರಡೂ ಕಡೆ ಹೊಣೆ ಇಲ್ಲ ಅನ್ನುವವರೇ. ಹೊಣೆ ನನ್ನದು ಅಂದವಳು ದುಂಡವ್ವ ಒಬ್ಬಳೇ.

ಅವಳು ಆ ತಾಮ್ರದ ಹಂಡೆಯನ್ನು ತಲೆ ಮೇಲೆ ಹೊತ್ತು ಗುಜರಿ ಅಂಗಡಿಗೆ ಹೋದಳು. ಅದನ್ನು ಕೊಟ್ಟು, ಒಡೆದ ಲಾರಿಯೊಂದರ ಆಯಿಲ್ ಕೂಲರ್ ತಂದಳು. ನೋಡಲು ಏನೂ ಅಲ್ಲ, ಮಣೆಯಷ್ಟು ಅಗಲದ, ತೆಳು ಹಲ್ಲುಗಳ ಒಂದು ಜಾಲರಿ. ಮಗಳಿಗೆ ಅಂತ ತಿಕ್ಕಿಟ್ಟ ಹಂಡೆ ಕೊಟ್ಟು ಇದನ್ನು ತರುವಾಗ ಅವಳ ಎದೆ ಹೇಗಿತ್ತೋ. ಮಿಸ್ತ್ರಿ ಆಯಿಲ್ ಫಿಲ್ಟರ್ ಬಿಚ್ಚಿ, ಅದರ ಬುಡಕ್ಕೆ ಎರಡು ಬಾಯಿಯ ಒಂದು ಬಿಲ್ಲೆ ಕೂರಿಸಿದ. ಒಂದು ಪೈಪಿನಲ್ಲಿ ಬಿಸಿ ಎಣ್ಣೆ ಹೊರಗೆ ಬಂದು, ಜಾಲರಿಯೊಳಗೆಲ್ಲ ಸುತ್ತಾಡಿ, ಇನ್ನೊಂದು ಪೈಪಿನಲ್ಲಿ ಒಳಗೆ ಹೋಗಬೇಕು. ಜಾಲರಿಯನ್ನು ಗಾಡಿಯ ಮೂತಿಗೆ, ರೇಡಿಯೇಟರಿನ ಮುಂದೆ ಬಿಗಿದರು.

ಇಲ್ಲೇ ದುಂಡವ್ವ ಎಡವಟ್ಟು ಮಾಡಿದ್ದು. ಕುಡಿಯುವ ನೀರಿನ ಕೊಡ ತಣ್ಣಗಿರಲಿ ಅಂತ ನಮ್ಮ ಕಡೆ ಒದ್ದೆ ಗೋಣಿ ಸುತ್ತುತ್ತಾರಲ್ಲ, ಹಾಗೆಯೇ ಅವಳು ಆ ಜಾಲರಿಗೂ ಒದ್ದೆ ಗೋಣಿ ಸುತ್ತಿ ಹುರಿಯಿಂದ ಕಟ್ಟಿದಳು. ಮಿಸ್ತ್ರಿ ಬೇಡ ಅಂದರೂ ಕೇಳಲಿಲ್ಲ. ಅವಳು ಯಾರ ಮಾತು ಕೇಳಿದವಳು? ಊರೆಲ್ಲ ನೋಡಲು ನಿಂತಿತ್ತು. ಗಾಡಿ ಹತ್ತಿತು. ಗೋಣಿ ಒಣಗಿತು, ಧೂಳು ಮೆತ್ತಿ ರೊಟ್ಟಿಯಾಯಿತು, ಗಾಳಿಯ ದಾರಿ ಮುಚ್ಚಿತು. ತಿರುವಿಗೆ ಬರುವ ಮೊದಲೇ ಇಂಜಿನ್ ಕಾದು ನಿಂತಿತು. ಊರು ನಕ್ಕಿತು. ತಾಯಿಯ ಸಿಟ್ಟು ನೋಡಿದಿರಾ ಅಂದ ಲಗಮಪ್ಪ.

ಇಳಿದು ಬರುವಾಗ ದುಂಡವ್ವ ಕಿಟಕಿಯ ಪಕ್ಕ ಕೂತಿದ್ದಳು. ಒಣಗಿದ ಗೋಣಿಗೆ ಮತ್ತೆ ನೀರು ಸುರಿದು ಕೈ ಒದ್ದೆಯಾಗಿತ್ತು. ಸುಮ್ಮನೆ ಕಿಟಕಿಯ ಹೊರಗೆ ಕೈ ಹಾಕಿದಳು. ಮುಷ್ಟಿ ಹಿಡಿದಾಗ ಏನೂ ಇಲ್ಲ. ಬೆರಳು ಬಿಡಿಸಿದಾಗ ಸಂದುಗಳಲ್ಲಿ ಗಾಳಿ ನುಗ್ಗಿ ಕೈ ತಣ್ಣಗಾಯಿತು. ಗಾಡಿ ನಿಲ್ಲಿಸು ಅಂದಳು. ಇಳಿದು ಗೋಣಿ ಹರಿದು ಬಿಸಾಡಿದಳು. ಜಾಲರಿಯ ಹಲ್ಲುಗಳಿಗೆ ಮೆತ್ತಿದ ಕೆಸರನ್ನು ಸೀರೆಯ ಸೆರಗಿನಿಂದ ಒಂದೊಂದಾಗಿ ಒರೆಸಿದಳು.

ಇನ್ನೊಮ್ಮೆ ಹತ್ತಿ ನೋಡುವ ಮೊದಲೇ, ಒಂದು ಸುಡುಬಿಸಿಲ ಮಧ್ಯಾಹ್ನ, ದಾವಲಸಾಬನ ಬಾಗಿಲಿಗೆ ಲಗಮಪ್ಪನೇ ಓಡಿಬಂದ. ಅವನ ಸೊಸೆಗೆ ಬೇನೆ, ಕೂಸು ಅಡ್ಡ. ಅದೇ ಸೂಲಗಿತ್ತಿ, ಅದೇ ಮಾತು. ದುಂಡವ್ವ ಕರೆಯದೆಯೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ಹಾಸಿಗೆ ಹಾಸಿ ಹುಡುಗಿಯನ್ನು ಮಲಗಿಸಿದರು. ಸೂಲಗಿತ್ತಿ ಅವಳ ತಲೆ ಹಿಡಿದು ಕೂತಳು, ಲಗಮಪ್ಪ ಕಾಲ ಬಳಿ ಕೂತ.

ತಿರುವು ಹತ್ತಿರ ಬಂತು. ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು, ಆದರೆ ಕೆಂಪಿಗೆ ಮುಟ್ಟಿರಲಿಲ್ಲ. ಹಿಂದಿನಿಂದ ಲಗಮಪ್ಪ ಕ್ಯಾಬಿನ್ನಿನ ತಗಡು ಬಡಿಯತೊಡಗಿದ. ನಿಲ್ಲಿಸಿ, ಒಂದು ಗಳಿಗೆ ಕೈಮುಗಿದು ಹೋಗೋಣ, ಇಲ್ಲದಿದ್ದರೆ ನನ್ನ ಮನೆ ಮುಳುಗುತ್ತದೆ ಅಂತ ಬೇಡಿಕೊಂಡ. ಅವನ ಹೆದರಿಕೆ ಸುಳ್ಳಲ್ಲ. ದಾವಲಸಾಬನ ಕಾಲೂ ಬ್ರೇಕಿನ ಕಡೆ ಜಾರಿತು. ಬಂಗಾರೆವ್ವ ಹೋದದ್ದು ಅವನ ಕಣ್ಣೆದುರಿಗೇ.

"ದಾವಲಾ, ನಿಲ್ಲಸಬ್ಯಾಡ," ಅಂದಳು ದುಂಡವ್ವ. "ದೇವರ ಸಿಟ್ಟು ನನ್ನ ಮ್ಯಾಲ ಬರಲಿ. ಇಲ್ಲಿ ಒಮ್ಮೆ ನಿಂತದ್ದ ಸಾಕು."

ಹಾಗೆ ಅಂದವಳೇ ಕಿಟಕಿಯ ಹೊರಗೆ ಕೈ ಚಾಚಿ, ಐದೂ ಬೆರಳು ಬಿಡಿಸಿ ಗಾಳಿಗೆ ಹಿಡಿದಳು. ಕಲ್ಲು ಪಕ್ಕದಲ್ಲೇ ಬಂತು, ಬಳೆ ಕಂಡವು, ಕುಂಕುಮ ಕಂಡಿತು. ಅವಳು ಆ ಕಡೆ ನೋಡಲಿಲ್ಲ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು ಅಂತ ದಾವಲಸಾಬ ಮುದುಕನಾದ ಮೇಲೂ ಹೇಳುತ್ತಿದ್ದನಂತೆ. ಗಾಡಿ ನಿಲ್ಲಲಿಲ್ಲ. ಗುಡುಗುತ್ತ, ಹೊಗೆ ಉಗುಳುತ್ತ, ಉಸ್ಸಪ್ಪನ ತಿರುವು ದಾಟಿತು. ಲಗಮಪ್ಪ ತಗಡು ಬಡಿಯುವುದನ್ನು ನಿಲ್ಲಿಸಿ, ಸೊಸೆಯ ಕಾಲು ಹಿಡಿದುಕೊಂಡು ಕೂತುಬಿಟ್ಟ.

ಸಂಜೆಗೆ ಹೆಣ್ಣುಕೂಸು ಹುಟ್ಟಿತು. ತಾಯಿಯೂ ಉಳಿದಳು. ಲಗಮಪ್ಪ ಹೊರಗೆ ಬಂದು ದುಂಡವ್ವನ ಕಾಲಿಗೆ ಬೀಳಲು ಹೋದ. ನಿನ್ನ ಮಗಳೇ ಮತ್ತೆ ಹುಟ್ಟಿ ಬಂದಿದ್ದಾಳೆ, ಬಂಗಾರೆವ್ವ ಅಂತಲೇ ಕರೆಯುತ್ತೇವೆ ಅಂದ. ಮನಸ್ಸಿನಿಂದಲೇ ಅಂದ. ಬೇರೆ ಯಾರಾದರೂ ಆಗಿದ್ದರೆ ಕರಗಿಹೋಗುತ್ತಿದ್ದರು.

"ಬ್ಯಾಡ ಲಗಮಪ್ಪಣ್ಣ," ಅಂದಳು ಅವಳು. "ನನ್ನ ಮಗಳ ಹೆಸರು ನನ್ನ ಮಗಳಿಗೇ ಇರಲಿ. ಈ ಕೂಸಿಗೆ ಈಕೀದ ಹೆಸರು ಇಡು."

ಅವರು ಬೇರೆ ಹೆಸರಿಟ್ಟರು. ಆ ಕೂಸೇ ನನ್ನ ಅಜ್ಜಿ.

ಆ ಕಲ್ಲನ್ನು ಆಮೇಲೆ ಯಾರೂ ಕೀಳಲಿಲ್ಲ. ಕೀಳುವ ಅಗತ್ಯ ಬೀಳಲಿಲ್ಲ. ಆಮೇಲೆ ಊರಿಗೆ ಬಂದ ಒಂದೊಂದು ಗಾಡಿಗೂ ಜಾಲರಿ ಬಂತು, ಅಲ್ಲಿ ನಿಲ್ಲುವವರೇ ಇಲ್ಲವಾದರು, ಊದಿನಕಡ್ಡಿ ಹಚ್ಚುವವರೂ ಇಲ್ಲವಾದರು. ಹುಲ್ಲು ಬೆಳೆದು ಕಲ್ಲು ಎಲ್ಲಿದೆ ಅಂತಲೂ ಈಗ ಗೊತ್ತಾಗುವುದಿಲ್ಲ. ದುಂಡವ್ವ ಸತ್ತಾಗ ಅವಳಿಗೊಂದು ಕಟ್ಟೆ ಕಟ್ಟಿಸೋಣ ಅಂತ ಊರಿನವರು ಮಾತಾಡಿಕೊಂಡರಂತೆ. ತಿರುವಿನಲ್ಲೇ ಕಟ್ಟೋಣ ಅಂದರಂತೆ. ಆಗ ದಾವಲಸಾಬ ಕೋಲೂರಿಕೊಂಡು ಬಂದು ಎಲ್ಲರನ್ನೂ ಬೈದು ಕಳಿಸಿದನಂತೆ.

ಈಗಿನ ಗಾಡಿಗಳಲ್ಲಿ ಆ ಎಣ್ಣೆಯೂ ಇಲ್ಲ, ಆ ಹೊಗೆಯೂ ಇಲ್ಲ, ಘಟ್ಟ ಹತ್ತಿದ್ದೇ ಗೊತ್ತಾಗುವುದಿಲ್ಲ. ಆದರೂ ಗಾಣಿಕೊಪ್ಪದ ಗಾಡಿ ಉಸ್ಸಪ್ಪನ ತಿರುವಿಗೆ ಬಂತು ಅಂದರೆ ಕಿಟಕಿಗಳು ಇಳಿಯುತ್ತವೆ. ಮುದುಕರು, ಮಕ್ಕಳು, ಹೊಸ ಸೊಸೆಯಂದಿರು, ಎಲ್ಲರೂ ಕೈ ಹೊರಗೆ ಚಾಚಿ ಬೆರಳು ಬಿಡಿಸಿ ಹಿಡಿಯುತ್ತಾರೆ. ಬಸುರಿಯೊಬ್ಬಳು ಗಾಡಿಯಲ್ಲಿದ್ದರೆ ಅವಳ ಕೈಯನ್ನು ಪಕ್ಕದವರೇ ಎತ್ತಿ ಹಿಡಿಯುತ್ತಾರೆ. ಮಂತ್ರವಿಲ್ಲ, ಕಾಯಿ ಇಲ್ಲ, ಕರ್ಪೂರವಿಲ್ಲ.

ನಾಳೆ ನೀವೂ ಆ ದಾರಿಯಲ್ಲಿ ಹೋಗುವವರು. ಹೆದರಿಕೆಯಾದರೆ ಹೆದರಿ, ಅಳು ಬಂದರೆ ಅಳಿ. ಕೈ ಮಾತ್ರ ಗಾಳಿಗೆ ಚಾಚಿ. ಗಾಡಿ ನಿಲ್ಲಿಸಬೇಡಿ.