ಬಳೆಗಾರ್ತಿಯ ಸೊಸೆಯ ತುರುಬು

"ಗುರುವೇ, ತಾಯಿ ಸತ್ತಳೆಂದು ಹೇಳಿ ಹೊಸ ಶಿಷ್ಯ ಪಾಠಕ್ಕೆ ಬರುತ್ತಿಲ್ಲ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನಿಜವೋ ಸುಳ್ಳೋ, ಎಲ್ಲರೆದುರು ಕೇಳಿಬಿಡಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಕತೆ ಹೇಳಿದರು.

ಒಬ್ಬ ಬಳೆಗಾರ್ತಿಯಿದ್ದಳು. ಅವಳ ಸೊಸೆಗೆ ತಲೆನೋವು, ವಾಂತಿ, ನಡೆದರೆ ಜೋಲಿ. ಮಿದುಳಿನೊಳಗೆ ನೀರು ತುಂಬಿದ ಗುಳ್ಳೆಯಿದೆ ಎಂದರು ಪಟ್ಟಣದ ಡಾಕ್ಟರು. ಗಂಡ ಜೊತೆಗೆ ಹೋದ. ತಲೆಬುರುಡೆಗೆ ಬೆರಳು ತೂರುವಷ್ಟು ತೂತು ಮಾಡಿ, ದೀಪವಿರುವ ಸಣ್ಣ ನಳಿಗೆ ಇಳಿಸಿ, ಗುಳ್ಳೆ ಒಡೆದು ನೀರು ತೆಗೆದರು. ಕೂದಲು ಬೋಳಿಸಿದ್ದು ಅಂಗೈಯಗಲವೂ ಇಲ್ಲ. ವಾರದೊಳಗೆ ಸೊಸೆ ಉಳಿದ ಕೂದಲನ್ನು ಅದರ ಮೇಲೆ ಬಾಚಿ, ತುರುಬು ಕಟ್ಟಿ, ಹೂ ಮುಡಿದು ಬಸ್ಸಿಳಿದಳು.

ಊರಿಗೆ ಅಷ್ಟು ಸಾಕಾಯಿತು.

"ತಲೆ ಕೊಯ್ಸಿಕೊಂಡವಳು ಬೋಳಾಗಿ ಬರಬೇಕು ಕಣೇ, ಮಲ್ಲಿಗೆ ಮುಡಿದು ಬರ್ತಾಳಾ?" ಎಂದಳು ಮೂಲೆಮನೆಯಾಕೆ, ಬಳೆಗಾರ್ತಿಯ ಜಗಲಿಯಲ್ಲಿ ಬಳೆಗೆ ಕೈಯೊಡ್ಡಿ ಕೂತು. "ಇಳಿಸಿಕೊಂಡು ಬಂದದ್ದು ತಲೆಯದ್ದಲ್ಲ, ಹೊಟ್ಟೆಯದ್ದು. ಯಾರದ್ದೋ ಏನೋ. ನಿನ್ನ ಮಗನಿಗೇನು, ಹೆಂಡತಿ ಹಗಲನ್ನು ಇರುಳೆಂದರೆ ದೀಪ ಹಚ್ಚುತ್ತಾನೆ."

ಸುತ್ತಲಿದ್ದ ಹೆಂಗಸರು ಕಿಸಕ್ಕೆಂದರು. ಬಳೆಗಾರ್ತಿ ಕೈಯಲ್ಲಿದ್ದ ಬಳೆ ಕೆಳಗಿಟ್ಟಳು. ಸೀಮಂತವಿರಲಿ, ಮದುವೆಯಿರಲಿ, ಮೊದಲ ಬಳೆ ತೊಡಿಸುವವಳು ಅವಳು. ಮನೆಯ ಹೆಸರು ಕೆಟ್ಟರೆ ಯಾವ ಹೊಸಿಲು ಒಳಗೆ ಬಿಟ್ಟೀತು? ಸೊಸೆಯನ್ನು ಜಗಲಿಗೆ ಕರೆದಳು.

"ತುರುಬು ಬಿಚ್ಚೇ. ಎಲ್ಲರೂ ನೋಡಲಿ."

"ಹೊಲಿಗೆ ಇನ್ನೂ ಹಸಿ ಅತ್ತೆ, ಕೂದಲು ಜಗ್ಗಬಾರದಂತೆ. ಒಳಗೆ ಬನ್ನಿ, ನಿಮಗೆ ತೋರಿಸ್ತೀನಿ."

"ಒಳಗ್ಯಾಕೋ!" ಎಂದು ಮೂಲೆಮನೆಯಾಕೆ ನಕ್ಕಳು.

ಆ ನಗು ಬಳೆಗಾರ್ತಿಯ ಕಿವಿಗೆ ಕಾದ ಎಣ್ಣೆಯಾಯಿತು. ಎಂಥ ಬಿಗಿ ಬಳೆಯನ್ನೂ ಒಂದು ಗೀರಿಲ್ಲದೆ ಏರಿಸುವ ಕೈ ಅದು. ಅದೇ ಕೈ ತುರುಬಿಗೆ ಹೋಯಿತು, ಜಗ್ಗಿತು.

ಹೊಲಿಗೆ ಇತ್ತು. ಅರ್ಧ ಬೆರಳುದ್ದ. ಎಲ್ಲರೂ ನೋಡುತ್ತಿದ್ದಂತೆ ಬಾಯಿ ಬಿಟ್ಟಿತು. ಮೊದಲು ರಕ್ತ ಬಂತು, ಆಮೇಲೆ ತಿಳಿನೀರು. ಹಣೆಯ ಕುಂಕುಮ ಕರಗಿಸಿಕೊಂಡು ಇಳಿಯಿತು.

"ಅಯ್ಯೋ, ನಾನೇನು ಜಗ್ಗು ಅಂದೆನೇ?" ಎಂದು ಮೂಲೆಮನೆಯಾಕೆ ಸೆರಗು ಝಾಡಿಸಿ ಎದ್ದಳು.

ಮತ್ತೆ ಆಸ್ಪತ್ರೆ, ಮತ್ತೆ ಹೊಲಿಗೆ. ಸೊಸೆ ಉಳಿದಳು. ಊರೂ ನಂಬಿತು. ಆದರೆ ಅತ್ತೆ ಹೂ ಮುಡಿಸಲು ಹತ್ತಿರ ಬಂದರೂ ಸೊಸೆಯ ಎರಡೂ ಕೈ ಇಂದಿಗೂ ತಲೆಯ ಮೇಲೆ ಹೋಗುತ್ತವೆ.

ಗುರು ಶಿಷ್ಯನತ್ತ ತಿರುಗಿದರು. "ಆ ಹೊಸ ಶಿಷ್ಯ ಒಳಗಿದ್ದಾನೆ, ಹೋಗಿ ಕೇಳು, ನೋಡಿ ನಗಲು ಯಾರನ್ನಾದರೂ ಜೊತೆಗೆ ಕರೆದುಕೋ."

ಶಿಷ್ಯ ಏಳಲಿಲ್ಲ.